ಗೈಡ್ ಹುಡುಕುವಾಗ ಯಾವ ರ‍್ಯಾಂಕ್ ಪಟ್ಟಿ ನೋಡಬೇಕು? ಕೆಮಿಸ್ಟ್ರಿಯವರಿಗೊಂದು ಹೋಲಿಕೆ

ನಮ್ಮ ಕೊಡಗಿನ ಕಕ್ಕಡ ತಿಂಗಳ 18ರ ದಿನ ಪಕ್ಕದ ತೋಟದ ಮನೆಯಿಂದ ಮದ್ದು ಸೊಪ್ಪಿನ ಪಾಯಸ ಬಂತು. ತಂದವಳು ಆ ಮನೆಯ ಮಗಳು, ಡಿಗ್ರಿಯಲ್ಲಿ ನನ್ನ ವಿದ್ಯಾರ್ಥಿನಿ. ಈ ವರ್ಷ ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿದ್ದಾಳೆ. ಡಬ್ಬಿಯನ್ನು ಮೇಜಿನ ಮೇಲಿಟ್ಟವಳೇ ಫೋನ್ ತೆಗೆದಳು.

"ಸರ್, ಪಿಎಚ್.ಡಿ.ಗೆ ಗೈಡ್ ಹುಡುಕ್ತಾ ಇದ್ದೇನೆ. ದೊಡ್ಡ ಕೆಮಿಸ್ಟ್‌ಗಳ ಪಟ್ಟಿ ಅಂತ ನಾಲ್ಕು ಸಿಕ್ಕಿತು. ಒಂದರಲ್ಲಿ ಮೇಲಿದ್ದವರು ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಯಾವುದನ್ನು ನಂಬೋದು?"

ಹೊರಗೆ ಮಳೆ ಹುಯ್ಯುತ್ತಿತ್ತು. ಕರೆಂಟ್ ಹೋಗಿ ಎರಡು ದಿನವಾಗಿತ್ತು. ಅವಳ ಫೋನಿನಲ್ಲಿ ಒಂದೇ ಒಂದು ಕಡ್ಡಿ ನೆಟ್‌ವರ್ಕ್, ಅದೂ ಜಗಲಿಯ ಮೂಲೆಯಲ್ಲಿ ನಿಂತರೆ ಮಾತ್ರ. ಅಲ್ಲೇ ನಿಂತು ಒಂದು ಗಂಟೆ ನೋಡಿದೆವು. ಅವತ್ತು ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಮಡಿಕೇರಿ, ವಿರಾಜಪೇಟೆ, ಚಿಕ್ಕ ಅಳುವಾರ, ಎಲ್ಲಿ ಓದಿದವರಾದರೂ ಸರಿ, ಎಂ.ಎಸ್ಸಿ. ಮುಗಿದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ದೊಡ್ಡವರು ಯಾರು ಅಂತ ತಿಳಿಯಬೇಕಿದ್ದರೆ, ಇರುವ ಪಟ್ಟಿಗಳಲ್ಲಿ ಜನ 'ಸ್ಟ್ಯಾನ್‌ಫರ್ಡ್ ಪಟ್ಟಿ' ಅನ್ನುವುದು ವಾಸಿ. ಗೈಡ್ ಬೇಕಿದ್ದರೆ ಪಟ್ಟಿಯನ್ನು ಅರ್ಧಕ್ಕೇ ಮುಚ್ಚಿ, ಪಿಎಚ್.ಡಿ. ಥೀಸಿಸ್‌ಗಳನ್ನು ಇಟ್ಟಿರುವ ಶೋಧಗಂಗಾ ಸೈಟ್ ತೆರೆಯಿರಿ.

ಎಣಿಸುವ ಕೆಲಸ ಶುರುವಾದದ್ದು

ಯಾರ ಪೇಪರನ್ನು ಯಾರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ ಎಣಿಸುವ ಚಾಳಿ ಹುಟ್ಟಿದ್ದೇ ಕೆಮಿಸ್ಟ್ರಿಯಲ್ಲಿ ಅಂದರೆ ತಪ್ಪಿಲ್ಲ. 1927ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನ ಗ್ರಾಸ್ ಮತ್ತು ಗ್ರಾಸ್ ಅನ್ನುವ ಇಬ್ಬರ ಮುಂದೆ ಒಂದು ಸಣ್ಣ ಪ್ರಶ್ನೆ ಇತ್ತು. ಸಣ್ಣ ಕಾಲೇಜಿನ ಲೈಬ್ರರಿ. ದುಡ್ಡು ಕಡಿಮೆ. ಕೆಮಿಸ್ಟ್ರಿಗೆ ಯಾವ ಜರ್ನಲ್ ತರಿಸಬೇಕು? ಅವರು ಅಮೆರಿಕನ್ ಕೆಮಿಕಲ್ ಸೊಸೈಟಿಯ ಜರ್ನಲ್ಲಿನ 1926ರ ಸಂಪುಟ ಹಿಡಿದು, ಅದರ ಅಡಿಟಿಪ್ಪಣಿಗಳಲ್ಲಿ ಯಾವ ಜರ್ನಲ್ ಎಷ್ಟು ಸಲ ಬಂದಿದೆ ಅಂತ ಎಣಿಸಿದರು. ಮೂರೂವರೆ ಸಾವಿರಕ್ಕೂ ಹೆಚ್ಚು ಉಲ್ಲೇಖ, ಎಲ್ಲವೂ ಕೈಯಲ್ಲಿ ಎಣಿಸಿದ್ದು.

ಆಮೇಲೆ ಇದನ್ನು ದೊಡ್ಡದು ಮಾಡಿದವರು ಯೂಜಿನ್ ಗಾರ್ಫೀಲ್ಡ್. ಅವರೂ ಓದಿದ್ದು ಕೆಮಿಸ್ಟ್ರಿಯೇ. 1964ರಲ್ಲಿ ಅವರ ಸೈನ್ಸ್ ಸೈಟೇಶನ್ ಇಂಡೆಕ್ಸ್ ಬಂತು. ಇವತ್ತಿನ ವೆಬ್ ಆಫ್ ಸೈನ್ಸ್ ಅದರ ಮೊಮ್ಮಗ.

ಇಷ್ಟು ಹೇಳಿದ್ದು ಯಾಕೆಂದರೆ, ಅವತ್ತು ಎಣಿಸಿದ್ದು ಯಾವ ಜರ್ನಲ್ ಕೊಳ್ಳೋಣ ಅಂತ ತಿಳಿಯಲು. ಮನುಷ್ಯರಿಗೆ ನಂಬರ್ ಕೊಡುವುದು ಆಮೇಲೆ ಬಂದ ಅಭ್ಯಾಸ.

ಮೂರು ಲೆಕ್ಕ, ಮೂರು ಉತ್ತರ

ಮೊದಲನೆಯದು ಒಟ್ಟು ಸೈಟೇಶನ್, ಅಂದರೆ ಒಬ್ಬರ ಪೇಪರುಗಳಿಗೆ ಬಂದ ಒಟ್ಟು ಉಲ್ಲೇಖ. ಎರಡನೆಯದು ಒಂದು ಪೇಪರಿಗೆ ಸರಾಸರಿ ಎಷ್ಟು ಅನ್ನುವುದು. ಮೂರನೆಯದು ಎಚ್-ಇಂಡೆಕ್ಸ್. ಇದನ್ನು 2005ರಲ್ಲಿ ಹೇಳಿಕೊಟ್ಟವರು ಹೋರ್ಹೆ ಹಿರ್ಶ್ ಅನ್ನುವ ಭೌತವಿಜ್ಞಾನಿ.

ಎಚ್-ಇಂಡೆಕ್ಸ್ ಕ್ಲಾಸಿನಲ್ಲಿ ಹೇಳಿದರೆ ಅರ್ಧ ಜನ ಆಕಳಿಸುತ್ತಾರೆ. ಕರಿಮೆಣಸಿನ ಲೆಕ್ಕದಲ್ಲಿ ಹೇಳಿದರೆ ನಮ್ಮ ಕಡೆಯ ಮಕ್ಕಳಿಗೆ ತಕ್ಷಣ ಹತ್ತುತ್ತದೆ. ತೋಟದ ಬಳ್ಳಿಗಳನ್ನು ಇಳುವರಿಯ ಕ್ರಮದಲ್ಲಿ ಬರೆದುಕೊಳ್ಳಿ, ಜಾಸ್ತಿ ಕೊಟ್ಟದ್ದು ಮೇಲೆ. ತಲಾ 5 ಕೆ.ಜಿ.ಗೆ ಕಡಿಮೆಯಿಲ್ಲದೆ ಕೊಟ್ಟ ಬಳ್ಳಿ 5 ಇವೆ, ಆದರೆ ತಲಾ 6 ಕೆ.ಜಿ. ಕೊಟ್ಟದ್ದು 6 ಇಲ್ಲ. ಹಾಗಾದರೆ ನಿಮ್ಮ ತೋಟದ ಎಚ್ 5. ಬಳ್ಳಿ ಅಂದರೆ ಪೇಪರ್, ಕೆ.ಜಿ. ಅಂದರೆ ಸೈಟೇಶನ್. ಸಿಲ್ವರ್ ಮರಕ್ಕೆ ಹಬ್ಬಿದ ಒಂದು ಬಳ್ಳಿ 40 ಕೆ.ಜಿ. ಕೊಟ್ಟರೂ ಎಚ್ ಏರುವುದಿಲ್ಲ. ಒಂದೂವರೆ ಕೆ.ಜಿ. ಕೊಡುವ ನೂರು ಬಳ್ಳಿ ಇದ್ದರೂ ಏರುವುದಿಲ್ಲ.

ಈಗ ಇಬ್ಬರು ಕೆಮಿಸ್ಟ್‌ಗಳನ್ನು ಇಟ್ಟುಕೊಳ್ಳೋಣ. ಸುಮ್ನೆ ಲೆಕ್ಕಕ್ಕೆ. ಇಬ್ಬರದೂ ಆರಾರು ಪೇಪರ್. ಮೊದಲನೆಯವರ ಪೇಪರುಗಳಿಗೆ ಬಂದ ಸೈಟೇಶನ್ 120, 8, 6, 5, 3, 1. ಎರಡನೆಯವರದ್ದು 9, 8, 7, 6, 6, 5. ಒಟ್ಟು ನೋಡಿದರೆ 143ಕ್ಕೆ 41, ಮೊದಲನೆಯವರು ಎಲ್ಲಿಯೋ, ಎರಡನೆಯವರು ಎಲ್ಲಿಯೋ. ಎಚ್-ಇಂಡೆಕ್ಸ್ ನೋಡಿದರೆ ಮೊದಲನೆಯವರಿಗೆ 4, ಎರಡನೆಯವರಿಗೆ 5. ಗೂಗಲ್ ಸ್ಕಾಲರ್ 2011ರಲ್ಲಿ ತಂದ ಐ10 ನೋಡಿದರೆ, ಅಂದರೆ ಕನಿಷ್ಠ 10 ಸೈಟೇಶನ್ ಬಂದ ಪೇಪರ್ ಎಷ್ಟು ಅಂತ ಎಣಿಸಿದರೆ, ಒಬ್ಬರಿಗೆ 1, ಇನ್ನೊಬ್ಬರಿಗೆ ಸೊನ್ನೆ. ಮನುಷ್ಯರೂ ಅವರೇ, ಪೇಪರೂ ಅವೇ.

ಇದು ಬರೀ ಕಾಗದದ ಲೆಕ್ಕ ಅನ್ನಬೇಡಿ. ಹೆನ್ರಿ ಶೇಫರ್ ಅನ್ನುವ ಕೆಮಿಸ್ಟ್ 2007ರಿಂದ ಬದುಕಿರುವ ಕೆಮಿಸ್ಟ್‌ಗಳನ್ನು ಎಚ್-ಇಂಡೆಕ್ಸ್ ಪ್ರಕಾರ ಸಾಲಾಗಿ ನಿಲ್ಲಿಸುತ್ತ ಬಂದರು. ಆಗ ಮೇಲಿದ್ದವರು ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್. 2011ರಲ್ಲಿ ಥಾಮ್ಸನ್ ರಾಯಿಟರ್ಸ್ ಹಿಂದಿನ ದಶಕದ 100 ಕೆಮಿಸ್ಟ್‌ಗಳ ಪಟ್ಟಿ ತಂದಿತು. ಅಲ್ಲಿ ನೋಡಿದ್ದು ಒಂದು ಪೇಪರಿಗೆ ಬಿದ್ದ ಸೈಟೇಶನ್. ಮೊದಲು ಬಂದವರು ಅದೇ ಹಾರ್ವರ್ಡಿನ ಚಾರ್ಲ್ಸ್ ಲೀಬರ್. ಒಂದೇ ವಿಭಾಗದಲ್ಲಿ ಇಬ್ಬರು ನಂಬರ್ ಒನ್! ಲೆಕ್ಕ ಬದಲಾಯಿತು, ಪೀಠವೂ ಬದಲಾಯಿತು. (ಅದೇ ಲೀಬರ್ ಚೀನಾದ ಜೊತೆಗಿನ ನಂಟನ್ನು ಮುಚ್ಚಿಟ್ಟ ಕೇಸಿನಲ್ಲಿ 2021ರ ಡಿಸೆಂಬರಿನಲ್ಲಿ ತಪ್ಪಿತಸ್ಥ ಅಂತ ತೀರ್ಮಾನವಾಯಿತು. ಅದು ಯಾವ ಇಂಡೆಕ್ಸಿಗೂ ಕಾಣುವ ವಿಷಯ ಅಲ್ಲ ಬಿಡಿ.)

ಈ ಮೂರರಲ್ಲಿ ಆಯ್ಕೆ ಮಾಡು ಅಂದರೆ ನಾನು ಎಚ್-ಇಂಡೆಕ್ಸ್ ಹಿಡಿಯುತ್ತೇನೆ, ಆದರೆ ಹಾಗೇ ಹಿಡಿಯುವುದಿಲ್ಲ. ಎಚ್ ವಯಸ್ಸಿನ ಜೊತೆ ಏರುತ್ತದೆ, ಇಳಿಯುವುದೇ ಇಲ್ಲ. ನಿವೃತ್ತಿಯಾಗಿ ತೋಟ ನೋಡಿಕೊಂಡಿದ್ದರೂ ಏರುತ್ತಿರುತ್ತದೆ. ಆದ್ದರಿಂದ ಎಚ್ ಅನ್ನು ಮೊದಲ ಪೇಪರಿನಿಂದ ಇವತ್ತಿನವರೆಗಿನ ವರ್ಷಗಳಿಂದ ಭಾಗಿಸಿ. ಇದನ್ನೂ ಹಿರ್ಶ್ ಅವರೇ ಹೇಳಿದ್ದರು, ಪಟ್ಟಿ ಮಾಡುವವರು ಮರೆತರು. 32 ವರ್ಷದಲ್ಲಿ ಎಚ್ 40 ಆದವರಿಗಿಂತ 10 ವರ್ಷದಲ್ಲಿ 22 ಆದವರ ಲ್ಯಾಬಿನಲ್ಲಿ ಈಗ ಒಲೆ ಉರಿಯುತ್ತಿರುವ ಸಾಧ್ಯತೆ ಜಾಸ್ತಿ.

2006ರಲ್ಲಿ ಬಂದ ಜಿ-ಇಂಡೆಕ್ಸ್ ಅಂತಲೂ ಒಂದಿದೆ. ಆ 40 ಕೆ.ಜಿ. ಬಳ್ಳಿಗೂ ಬೆಲೆ ಕೊಡುವ ಲೆಕ್ಕ. ಒಳ್ಳೆಯದೇ, ಆದರೆ ಪ್ರೊಫೈಲುಗಳಲ್ಲಿ ಯಾರೂ ಹಾಕುವುದಿಲ್ಲ, ಹಾಗಾಗಿ ಬಿಟ್ಟುಬಿಡಿ.

ಎಲ್ಲಿ ನೋಡುವುದು: ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್

ಒಬ್ಬರದೇ ಎಚ್-ಇಂಡೆಕ್ಸ್ ಮೂರು ಕಡೆ ಮೂರು ತರ ಇರುತ್ತದೆ. ಗೂಗಲ್ ಸ್ಕಾಲರ್ ಧಾರಾಳಿ. ಥೀಸಿಸ್, ಪ್ರಿಪ್ರಿಂಟ್ (ಜರ್ನಲ್ಲಿಗೆ ಮುಂಚೆ ಬಿಟ್ಟ ಪ್ರತಿ), ಪುಸ್ತಕದ ಅಧ್ಯಾಯ, ಎಲ್ಲಿಂದ ಬಂದರೂ ಎಣಿಸುತ್ತದೆ. ಪುಕ್ಕಟೆ. ಹೆಚ್ಚಿನವರಿಗೆ ಅಲ್ಲಿನ ಸಂಖ್ಯೆಯೇ ದೊಡ್ಡದು, ಅದಕ್ಕೇ ಬಯೋಡೇಟಾದಲ್ಲಿ ಅದನ್ನೇ ಹಾಕುತ್ತಾರೆ. ಪ್ರೊಫೈಲನ್ನು ನೋಡಿಕೊಳ್ಳುವವರು ಆ ವಿಜ್ಞಾನಿಯೇ. ಬೇರೆಯವರ ಪೇಪರ್ ಬಂದು ಕೂತಿದ್ದರೂ ಅವರು ತೆಗೆಯದಿದ್ದರೆ ಅಲ್ಲೇ ಇರುತ್ತದೆ.

ಸ್ಕೋಪಸ್, ವೆಬ್ ಆಫ್ ಸೈನ್ಸ್ ಎರಡೂ ಆರಿಸಿದ ಜರ್ನಲ್ಲುಗಳನ್ನು ಮಾತ್ರ ಎಣಿಸುತ್ತವೆ. ಪೂರ್ತಿ ನೋಡಲು ಸಂಸ್ಥೆಯ ಚಂದಾ ಬೇಕು. ಆದರೆ ಒಬ್ಬರ ಹೆಸರು ಹಾಕಿ ಎಚ್-ಇಂಡೆಕ್ಸ್ ನೋಡುವಷ್ಟನ್ನು ಸ್ಕೋಪಸ್ ಪುಕ್ಕಟೆ ಕೊಡುತ್ತದೆ. 2022ರಿಂದ ಓಪನ್‌ಅಲೆಕ್ಸ್ ಅಂತ ಇನ್ನೊಂದಿದೆ. ಅದು ಎಲ್ಲರಿಗೂ ತೆರೆದದ್ದು.

ಒಂದೇ ನಿಯಮ: ಇಬ್ಬರನ್ನು ಹೋಲಿಸುವಾಗ ಒಂದೇ ಕಡೆ ನೋಡಿ. ಒಬ್ಬರದ್ದು ಸ್ಕಾಲರ್, ಇನ್ನೊಬ್ಬರದ್ದು ಸ್ಕೋಪಸ್ ಆಯಿತೆಂದರೆ, ಒಬ್ಬರ ಕಾಫಿಯನ್ನು ಹಸಿ ಹಣ್ಣಿನಲ್ಲಿ ತೂಗಿ ಇನ್ನೊಬ್ಬರದ್ದನ್ನು ಒಣಗಿಸಿ ತೂಗಿದ ಹಾಗೆ.

ಹೆಸರಿನ ತೊಂದರೆ ಬೇರೆ. ನಮ್ಮಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ, ಇಲ್ಲದಿದ್ದರೆ ಎರಡು ಇನಿಷಿಯಲ್. ಪರದೇಶದ ಕಂಪ್ಯೂಟರಿಗೆ ಯಾವುದು ಕುಟುಂಬದ ಹೆಸರು, ಯಾವುದು ಕರೆಯುವ ಹೆಸರು ಅಂತ ಗೊತ್ತಾಗುವುದಿಲ್ಲ. ನನ್ನ ಆರು ಪೇಪರ್ ಸ್ಕೋಪಸ್‌ನಲ್ಲಿ ಮೂರು ಬೇರೆ ಬೇರೆ ಮನುಷ್ಯರ ಹೆಸರಲ್ಲಿ ಹಂಚಿಹೋಗಿತ್ತು. ಅದರಲ್ಲಿ ಒಬ್ಬನಿಗೆ ಎಚ್-ಇಂಡೆಕ್ಸ್ 1, ಇನ್ನಿಬ್ಬರಿಗೆ ಸೊನ್ನೆ. ನಮ್ಮ ಮನೆಯವಳು ನೋಡಿ, "ಮೂರು ಜನ ಸೇರಿಯೂ ಇಷ್ಟೇನಾ?" ಅಂದಳು. 2012ರಲ್ಲಿ ಬಂದ ಓರ್ಕಿಡ್ ನಂಬರ್, 16 ಅಂಕಿಯದು, ಈ ಕಾಟ ತಪ್ಪಿಸಲೆಂದೇ ಇದೆ. ಗೈಡ್ ಆಗುವವರಿಗೆ ಓರ್ಕಿಡ್ ಇದ್ದರೆ ಅಲ್ಲಿಂದಲೇ ಪೇಪರುಗಳ ಪಟ್ಟಿ ತೆಗೆಯಿರಿ.

ಸಿದ್ಧ ಪಟ್ಟಿಗಳಲ್ಲಿ ಯಾವುದು ವಾಸಿ

ವೆಬ್ ಆಫ್ ಸೈನ್ಸ್ ನಡೆಸುವ ಕ್ಲಾರಿವೇಟ್ ಕಂಪನಿ ಪ್ರತಿ ವರ್ಷ 'ಹೈಲಿ ಸೈಟೆಡ್' ಪಟ್ಟಿ ಬಿಡುತ್ತದೆ. ತನ್ನ ಕ್ಷೇತ್ರದಲ್ಲಿ, ಆಯಾ ವರ್ಷದಲ್ಲಿ ಅತಿ ಹೆಚ್ಚು ಸೈಟೇಶನ್ ಬಂದ ಶೇ 1ರ ಪೇಪರುಗಳು ಯಾರ ಬಳಿ ಜಾಸ್ತಿ ಇವೆ ಅಂತ ಅದು ನೋಡುತ್ತದೆ, ಹಿಂದಿನ ಹತ್ತು ಹನ್ನೊಂದು ವರ್ಷಕ್ಕೆ ಮಾತ್ರ. ಇದರಲ್ಲಿ ಒಂದು, ಎರಡು ಅಂತ ನಂಬರೇ ಇಲ್ಲ. ಯಾರಾದರೂ "ಕ್ಲಾರಿವೇಟ್‌ನಲ್ಲಿ ಇಷ್ಟನೇ ರ‍್ಯಾಂಕ್" ಅಂದರೆ ಅವರು ಪಟ್ಟಿಯನ್ನೇ ನೋಡಿಲ್ಲ ಅಂತ ತಿಳಿಯಿರಿ. 2023ರಲ್ಲಿ ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಅನುಮಾನದ ಮೇಲೆ ಹೊರಗಿಟ್ಟರು. ಲೆಕ್ಕದಲ್ಲಿ ಪಾಸಾದವರನ್ನೇ ಕೈಬಿಟ್ಟರು ಅಂದರೆ ಆಟ ಎಷ್ಟು ಮುಂದೆ ಹೋಗಿದೆ ನೋಡಿ. ಅದೇ ವರ್ಷ ಹೊರಬಂದ ಸುದ್ದಿ: ಸ್ಪೇನಿನ ಒಂದು ವಿಶ್ವವಿದ್ಯಾಲಯ, ಈ ಪಟ್ಟಿಯಲ್ಲಿದ್ದ ತನ್ನ ಕೆಮಿಸ್ಟನ್ನು 13 ವರ್ಷ ಅಮಾನತು ಮಾಡಿತ್ತು. ಪೂರ್ಣಾವಧಿ ಕೆಲಸದಲ್ಲಿದ್ದುಕೊಂಡು ಬೇರೆ ದೇಶದ ವಿಶ್ವವಿದ್ಯಾಲಯಗಳಿಗೂ ಕೆಲಸ ಮಾಡಿದರು ಅನ್ನುವುದು ದೂರು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಅವರ ಹೆಸರಲ್ಲಿ ಸರಾಸರಿ 37 ಗಂಟೆಗೊಂದು ಪೇಪರ್ ಬರುತ್ತಿತ್ತು. ಅಷ್ಟು ಹೊತ್ತಿನಲ್ಲಿ ನಮ್ಮ ಲ್ಯಾಬಿನಲ್ಲಿ ಮಿಶ್ರಣ ಬೇರ್ಪಡಿಸುವ ಒಂದು ಕಾಲಮ್ ಇಳಿದು ಮುಗಿಯುವುದಿಲ್ಲ.

ರಿಸರ್ಚ್ ಡಾಟ್ ಕಾಮ್ ಅನ್ನುವ ಪಟ್ಟಿ ಡಿ-ಇಂಡೆಕ್ಸ್ ನೋಡುತ್ತದೆ. ಎಚ್-ಇಂಡೆಕ್ಸೇ, ಆದರೆ ಕೆಮಿಸ್ಟ್ರಿಯ ಪೇಪರ್ ಮಾತ್ರ ಎಣಿಸಿದ್ದು. ದೇಶವಾರು ಹುಡುಕಲು ಸುಲಭ. ಕಾಯಂ ದೊಡ್ಡವರ ಹೆಸರು ಮೇಲಿರುತ್ತದೆ, ಹೊಸಬರು ಕಾಣುವುದು ಕಷ್ಟ. ನೇಚರ್ ಇಂಡೆಕ್ಸ್ ಅಂತ ಅವಳ ಪಟ್ಟಿಯಲ್ಲಿ ಇನ್ನೊಂದಿತ್ತು. ಅದು ಸಂಸ್ಥೆ, ದೇಶಗಳಿಗೆ, ಒಬ್ಬೊಬ್ಬರಿಗಲ್ಲ. ದಾಟಿಬಿಟ್ಟೆವು.

ಇನ್ನು ಸ್ಟ್ಯಾನ್‌ಫರ್ಡ್ ಪಟ್ಟಿ. 'ವಿಶ್ವದ ಶೇ 2ರಷ್ಟು ಶ್ರೇಷ್ಠ ವಿಜ್ಞಾನಿಗಳಲ್ಲಿ ನಮ್ಮವರು' ಅಂತ ಪ್ರತಿ ವರ್ಷ ದಿನಪತ್ರಿಕೆಯಲ್ಲಿ ಫೋಟೋ ಬರುತ್ತದಲ್ಲ, ಅದು. ಸ್ಟ್ಯಾನ್‌ಫರ್ಡಿನ ಜಾನ್ ಅಯೋನಿಡಿಸ್ ಮತ್ತು ಜೊತೆಗಾರರು 2019ರಲ್ಲಿ ಶುರುಮಾಡಿದ್ದು, ಸ್ಕೋಪಸ್ ಲೆಕ್ಕದ ಮೇಲೆ. ನನಗೆ ಇದು ಹಿಡಿಸಲು ಕಾರಣವಿದೆ. ಒಟ್ಟು ಸೈಟೇಶನ್ ಮತ್ತು ಎಚ್ ಜೊತೆಗೆ, ಒಬ್ಬರೇ ಬರೆದದ್ದು, ಮೊದಲ ಲೇಖಕರಾಗಿ ಬರೆದದ್ದು, ಕೊನೆಯ ಲೇಖಕರಾಗಿ ಬರೆದದ್ದು ಎಷ್ಟು ಅಂತಲೂ ನೋಡುತ್ತದೆ. ಕೆಮಿಸ್ಟ್ರಿಯಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಫ್ಲಾಸ್ಕ್ ಹಿಡಿದವರದ್ದು, ಕೊನೆಯ ಹೆಸರು ಲ್ಯಾಬ್ ನಡೆಸುವವರದ್ದು. ನಡುವೆ 18 ಹೆಸರು ಇದ್ದರೆ ಅವರಲ್ಲಿ ಯಾರು ಏನು ಮಾಡಿದರೋ. ಈ ಪಟ್ಟಿ ಆ ನಡುವಿನ ಗುಂಪಿಗೆ ಅಷ್ಟು ಮಣೆ ಹಾಕುವುದಿಲ್ಲ. ಸ್ವಂತ ಪೇಪರನ್ನು ತಾವೇ ಉಲ್ಲೇಖಿಸಿದ್ದನ್ನು ತೆಗೆದು ನೋಡಿದರೆ ಎಷ್ಟಾಗುತ್ತದೆ ಅಂತ ಬೇರೆ ಕಾಲಮ್ ಇದೆ. ಈಚಿನ ಆವೃತ್ತಿಗಳಲ್ಲಿ ಹಿಂಪಡೆದ ಪೇಪರ್ ಎಷ್ಟು ಅಂತಲೂ ಇದೆ.

ಆದರೆ ಇದು ಎರಡು ಪಟ್ಟಿ. ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದೇ ವರ್ಷದ್ದು. ಫೋಟೋದ ಕೆಳಗೆ ಯಾವುದು ಅಂತ ಯಾರೂ ಬರೆಯುವುದಿಲ್ಲ. ಒಂದು ವರ್ಷದ ಪಟ್ಟಿಗೆ ಬಂದದ್ದು ಒಂದು ಒಳ್ಳೆಯ ಬೆಳೆ ಬಂದ ಹಾಗೆ. ಖುಷಿಪಡಬಹುದು, ಸಾಲ ಕೊಡುವ ಮುಂಚೆ ಇನ್ನೆರಡು ವರ್ಷ ನೋಡಬೇಕು. ಶೀಟ್ ಎಲ್ಲರಿಗೂ ಸಿಗುತ್ತದೆ, ಇಳಿಸಿಕೊಂಡು ನೀವೇ ನೋಡಿ.

ದುಡ್ಡು ಕಟ್ಟಿದರೆ ಹೆಸರು ಸೇರಿಸುತ್ತೇವೆ, ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುವ ಪಟ್ಟಿ ಕಂಡರೆ ಅಲ್ಲಿ ನಿಲ್ಲಲೇಬೇಡಿ.

ಚೀಲದ ತೂಕ, ಔಟ್‌ಟರ್ನ್

ರೋಬಸ್ಟಾ ಚೆರಿ ಮಾರುವವರಿಗೆ ಗೊತ್ತು. 50 ಕೆ.ಜಿ. ಚೀಲ ತೂಗಿದ ಮಾತ್ರಕ್ಕೆ ರೇಟ್ ಆಗುವುದಿಲ್ಲ. ವ್ಯಾಪಾರಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ ಔಟ್‌ಟರ್ನ್, ಅಂದರೆ ಒಳಗೆ ಬೀಜ ಎಷ್ಟಿದೆ ಅಂತ ನೋಡುತ್ತಾನೆ. ತೇವ ಎಷ್ಟಿದೆ ಅಂತ ಮೀಟರ್ ಹಾಕುತ್ತಾನೆ. ಸೈಟೇಶನ್ನಿಗೂ ಇಷ್ಟು ಮಾಡಬೇಕು.

ಮೊದಲು ರಿವ್ಯೂ ಪೇಪರುಗಳನ್ನು ಬೇರೆ ತೆಗೆಯಿರಿ. ಬೇರೆಯವರ ಕೆಲಸವನ್ನು ಒಟ್ಟುಗೂಡಿಸಿ ಬರೆದ ಲೇಖನಕ್ಕೆ ಸೈಟೇಶನ್ ರಾಶಿ ಬೀಳುತ್ತದೆ. ಬರೆಯುವುದು ಸುಲಭವಲ್ಲ, ಒಪ್ಪುತ್ತೇನೆ. ಆದರೆ ನೀವು ಲ್ಯಾಬಿಗೆ ಹೋಗುವುದು ಪ್ರಯೋಗ ಕಲಿಯಲು, ಅಲ್ವಾ?

ವಿಧಾನ, ಸಾಫ್ಟ್‌ವೇರ್ ಪೇಪರುಗಳ ಕಥೆ ಇನ್ನೊಂದು. ನಮ್ಮ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಪ್ರೋಟೀನ್ ಅಳೆಯಲು ಲೌರಿ ವಿಧಾನ ಮಾಡಿಸುತ್ತೇವೆ. ಫೋಲಿನ್ ರೀಏಜೆಂಟ್ ಹಾಕಿ ಕಾದರೆ ಟ್ಯೂಬು ನಿಧಾನಕ್ಕೆ ನೀಲಿಯಾಗುತ್ತದೆ. ಆ 1951ರ ಪೇಪರಿಗೆ ಮೂರು ಲಕ್ಷಕ್ಕೂ ಹೆಚ್ಚು ಸೈಟೇಶನ್ ಇದೆ. ಯಾಕೆಂದರೆ ಎಲ್ಲರೂ ಅದನ್ನು ಬಳಸಿದರು. ಗಾಟಿಂಗನ್‌ನ ಜಾರ್ಜ್ ಶೆಲ್ಡ್ರಿಕ್ 2008ರಲ್ಲಿ ಬರೆದ ಶೆಲ್‌ಎಕ್ಸ್ ಪೇಪರನ್ನು ನೋಡಿ. ಹರಳುಗಳ ರಚನೆ ಬಿಡಿಸುವ ಸಾಫ್ಟ್‌ವೇರ್ ಅದು, ಬಳಸಿದವರೆಲ್ಲ ಈ ಪೇಪರನ್ನು ಉಲ್ಲೇಖಿಸಿದರು. ಆ ಒಂದು ಪೇಪರಿನಿಂದ 2ರ ಆಸುಪಾಸಿನಲ್ಲಿದ್ದ ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್ಲಿನ ಈಚಿನ ಪೇಪರುಗಳಿಗೆ ಸರಾಸರಿ ಎಷ್ಟು ಸೈಟೇಶನ್ ಅನ್ನುವ ಲೆಕ್ಕ) ಸುಮಾರು 50ಕ್ಕೆ ಜಿಗಿಯಿತು. ಅದೇ ಸಮಯದಲ್ಲಿ ಅದೇ ಜರ್ನಲ್ಲಿನಲ್ಲಿ ಬರೆದ ಬೇರೆಯವರ ಬಯೋಡೇಟಾವೂ ಪುಕ್ಕಟೆಯಾಗಿ ಹೊಳೆಯಿತು. ಪೇಪರ್ ಬಂದ ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಮನುಷ್ಯನನ್ನು ಅಳೆಯಬೇಡಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇದರ ಉಲ್ಟಾವೂ ಇದೆ. 2002ರಲ್ಲಿ ಕೆಮಿಸ್ಟ್ರಿ ನೊಬೆಲ್ ಹಂಚಿಕೊಂಡ ಕೊಯಿಚಿ ತನಾಕಾ ಜಪಾನಿನ ಶಿಮಾಡ್ಜು ಕಂಪನಿಯ ಇಂಜಿನಿಯರ್. ಪಿಎಚ್.ಡಿ. ಇರಲಿಲ್ಲ. ಯಾವ ಪಟ್ಟಿ ಹಾಕಿದ್ದರೂ ಅವರ ಹೆಸರು ಬರುತ್ತಿರಲಿಲ್ಲ.

ಎರಡೂ ಕಡೆ ತೂಗುವವರೂ ಇದ್ದಾರೆ ಅನ್ನಿ. ನಮ್ಮ ಸಿ.ಎನ್.ಆರ್. ರಾವ್ ಅವರದು 1,500ಕ್ಕೂ ಹೆಚ್ಚು ಪೇಪರ್, ಎಚ್-ಇಂಡೆಕ್ಸ್ ನೂರರ ಆಚೆ. ಅವರನ್ನು ಯಾವ ತಕ್ಕಡಿಯಲ್ಲಿಟ್ಟರೂ ಭಾರವೇ. ಅಂಥವರಿಗೆ ಪಟ್ಟಿ ಬೇಕಾಗಿಲ್ಲ. ಪಟ್ಟಿ ಬೇಕಾಗುವುದು ನಡುವಿನ ಸಾವಿರಾರು ಜನರನ್ನು ಬೇರ್ಪಡಿಸಲು, ಅಲ್ಲೇ ಅದು ಜಾರುವುದು.

ಮದ್ದು ಸೊಪ್ಪು ಮತ್ತು ಬ್ಯಾಟರಿ

ಅವಳ ಆಸೆ ಸಸ್ಯಗಳ ಬಣ್ಣದ ಕೆಮಿಸ್ಟ್ರಿ. ಡಬ್ಬಿಯಲ್ಲಿದ್ದ ಪಾಯಸದ ಕಡೆ ಕೈ ತೋರಿಸಿದಳು. ಸೊಪ್ಪು ಹಸಿರು, ಕುದಿಸಿದ ನೀರು ಕಡು ನೇರಳೆ. ತಿಂದ ಮರುದಿನ ಬೆಳಿಗ್ಗೆ ಬಚ್ಚಲಿನಲ್ಲೂ ಕೆಂಪು ಬಣ್ಣ ಕಂಡು ಹೊರಗಿನಿಂದ ಬಂದ ನೆಂಟರು ಹೆದರುವುದು ನಮ್ಮಲ್ಲಿ ಪ್ರತಿ ವರ್ಷದ ತಮಾಷೆ.

ಇಂಥ ವಿಷಯದ ಮೇಲೆ ಪ್ರಪಂಚದಲ್ಲಿ ಕೆಲಸ ಮಾಡುವವರು ಬೆರಳೆಣಿಕೆ. ಬರೆಯುವವರು ಕಡಿಮೆಯಾದರೆ ಉಲ್ಲೇಖಿಸುವವರೂ ಕಡಿಮೆ. ಬ್ಯಾಟರಿ, ಪೆರೋವ್‌ಸ್ಕೈಟ್ ಸೋಲಾರ್, ನ್ಯಾನೊ ವಸ್ತುಗಳಲ್ಲಿ ಸಾವಿರಾರು ಲ್ಯಾಬ್ ಇವೆ, ಒಬ್ಬರನ್ನೊಬ್ಬರು ಉಲ್ಲೇಖಿಸುತ್ತಲೇ ಇರುತ್ತಾರೆ. ಅಲ್ಲಿಯ ಸಾಧಾರಣ ಕೆಲಸಗಾರನ ಎಚ್-ಇಂಡೆಕ್ಸ್, ಇಲ್ಲಿಯ ಒಳ್ಳೆಯ ಕೆಲಸಗಾರನಿಗಿಂತ ಜಾಸ್ತಿ ಇರಬಹುದು. ವ್ಯಕ್ತಿಗಳ ಹೆಸರಿದ್ದ ಅವಳ ಪಟ್ಟಿಗಳಲ್ಲಿ ಎದ್ದು ಕಂಡವರು ಹೆಚ್ಚಿನವರು ಮೆಟೀರಿಯಲ್ಸ್‌ನವರೇ. ಅವಳು ಹುಡುಕುತ್ತಿದ್ದವರು ಎರಡು ಸಾವಿರದಾಚೆ ಎಲ್ಲೋ ಇದ್ದರು, ಇಲ್ಲವೇ ಇರಲೇ ಇಲ್ಲ.

ಹಾಗಾಗಿ 'ಕೆಮಿಸ್ಟ್ರಿ' ಅಂತ ಇಡೀ ವಿಷಯ ಹಾಕಬೇಡಿ. ಸ್ಟ್ಯಾನ್‌ಫರ್ಡ್ ಶೀಟಿನಲ್ಲಿ 174 ಉಪವಿಭಾಗಗಳಿವೆ. ಆರ್ಗ್ಯಾನಿಕ್, ಅನಲಿಟಿಕಲ್, ಮೆಡಿಸಿನಲ್ ಅಂತ ಬೇರೆ ಬೇರೆ ನೋಡಬಹುದು. ಅದರೊಳಗಿನ ಸ್ಥಾನವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಅವಳದನ್ನು ಹಾಗೆ ಸೋಸಿದಾಗ ನಾಲ್ಕು ಹೆಸರು ಉಳಿಯಿತು, ನಾಲ್ಕೂ ದಕ್ಷಿಣ ಭಾರತದವು.

ಪಟ್ಟಿ ಮುಚ್ಚಿದ ಮೇಲೆ

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಸುಮಾರು ವರ್ಷದ ಹಿಂದೆ ಸೋಮವಾರಪೇಟೆ ಕಡೆಯ ಹುಡುಗನೊಬ್ಬ ಇದೇ ಪ್ರಶ್ನೆ ತಂದಿದ್ದ. ನಾನು ಒಟ್ಟು ಸೈಟೇಶನ್ ನೋಡಿ, ಜಾಸ್ತಿ ಇದ್ದವರ ಹತ್ತಿರ ಹೋಗು ಮಾರಾಯ ಅಂದೆ. ಹೋದ. ಲ್ಯಾಬಿನಲ್ಲಿ 20ಕ್ಕೂ ಹೆಚ್ಚು ಜನ. ಮೊದಲ ವರ್ಷ ಗೈಡ್ ಜೊತೆ ಕೂತು ಮಾತಾಡಿದ್ದು ಎರಡೇ ಸಲ. ಮೊದಲ ಪೇಪರಿನ ಡ್ರಾಫ್ಟ್ ತಿದ್ದಿ ಬರಲು 14 ತಿಂಗಳು. ಪಿಎಚ್.ಡಿ. ಮುಗಿಯಲು ಏಳು ವರ್ಷ. ಊರಿಗೆ ಬಂದಾಗೆಲ್ಲ ಸಿಗುತ್ತಾನೆ, ಒಂದು ಮಾತೂ ಅಂದಿಲ್ಲ. ಅದೇ ನನಗೆ ಕಷ್ಟ.

ಈಗ ನಾನು ಹೇಳುವುದು ಹೀಗೆ. ಗೂಗಲ್ ಸ್ಕಾಲರ್ ಪ್ರೊಫೈಲಿನಲ್ಲಿ ಎರಡು ಕಾಲಮ್ ಇರುತ್ತದೆ, ಒಂದು ಒಟ್ಟು, ಒಂದು ಈಚಿನ ಐದಾರು ವರ್ಷದ್ದು. ಎರಡನೆಯದನ್ನು ನೋಡಿ. ಆಮೇಲೆ ಪೇಪರುಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ, ಮೇಲಿನ ಹದಿನೈದನ್ನು ಮಾತ್ರ ತೆರೆಯಿರಿ. ಮೊದಲ ಲೇಖಕರು ಯಾರು? ಬೇರೆ ಬೇರೆ ವಿದ್ಯಾರ್ಥಿಗಳ ಹೆಸರು ಬಂದಿದೆಯಾ, ಇಲ್ಲ ಒಬ್ಬರದೇ ಹೆಸರು ತಿರುತಿರುಗಿ ಬಂದಿದೆಯಾ? ಗೈಡ್ ಕೊನೆಯಲ್ಲಿದ್ದಾರಾ, ನಡುವೆ ಸಿಕ್ಕಿಕೊಂಡಿದ್ದಾರಾ?

ನಂತರ ಶೋಧಗಂಗಾ. ದೇಶದ ಪಿಎಚ್.ಡಿ. ಥೀಸಿಸ್‌ಗಳನ್ನು ಇನ್‌ಫ್ಲಿಬ್‌ನೆಟ್ ಅಲ್ಲಿ ಇಟ್ಟಿದೆ, ಪುಕ್ಕಟೆ. ಗೈಡ್ ಹೆಸರು ಹಾಕಿ ಹುಡುಕಿ. ಎಷ್ಟು ಜನ ಮುಗಿಸಿದ್ದಾರೆ, ಯಾವ ವರ್ಷ, ಥೀಸಿಸ್ಸಿನ ವಿಷಯ ನಿಮ್ಮ ಆಸೆಗೆ ಹತ್ತಿರವಾ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಎಲ್ಲ ಸಂಸ್ಥೆಗಳೂ ಎಲ್ಲ ಥೀಸಿಸ್ ಹಾಕಿರುವುದಿಲ್ಲ, ಆದ್ದರಿಂದ ಖಾಲಿ ಕಂಡರೆ ಕೂಡಲೇ ತೀರ್ಪು ಕೊಡಬೇಡಿ. ಅಲ್ಲಿ ಸಿಕ್ಕಿದ ಹಳೇ ವಿದ್ಯಾರ್ಥಿಗಳಲ್ಲಿ ಇಬ್ಬರಿಗಾದರೂ ಮೇಲ್ ಹಾಕಿ. "ಸರ್ ಹೇಗೆ?" ಅಂತ ಕೇಳಿದರೆ "ಒಳ್ಳೆಯವರು" ಅಂತಲೇ ಉತ್ತರ ಬರುತ್ತದೆ. "ಡ್ರಾಫ್ಟ್ ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ?" ಅಂತ ಕೇಳಿ.

ಅವಳು ಹಾಗೇ ಕೇಳಿದಳಂತೆ. ಹುತ್ತರಿಗೆ ಮುಂಚೆ ಮತ್ತೆ ಸಿಕ್ಕಿದಾಗ ಹೇಳಿದಳು. ನಾಲ್ವರಲ್ಲಿ ಎಚ್-ಇಂಡೆಕ್ಸ್ 51 ಇದ್ದವರ ವಿದ್ಯಾರ್ಥಿ ಉತ್ತರ ಬರೆಯಲಿಲ್ಲ. 19 ಇದ್ದವರ ವಿದ್ಯಾರ್ಥಿನಿ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದ್ದಾಳೆ. ಡ್ರಾಫ್ಟ್ ಎರಡು ವಾರಕ್ಕೆ ಬರುತ್ತದಂತೆ, ಕೆಂಪು ಇಂಕಿನಲ್ಲಿ ಪೂರ್ತಿ ಗೀಚಿ. ಇವಳು ಇನ್ನೂ ಎಲ್ಲಿಗೆ ಅಂತ ತೀರ್ಮಾನ ಮಾಡಿಲ್ಲ. ಆದರೆ ಮುಂದಿನ ಕಕ್ಕಡಕ್ಕೆ ಸೊಪ್ಪು ಒಣಗಿಸಿ ಕಟ್ಟಿಕೊಡಲು ಅವಳ ಅಮ್ಮನಿಗೆ ಈಗಲೇ ಹೇಳಿಟ್ಟಿದ್ದಾಳೆ.